ನಿಂತ ಕಾರನ್ನು ಗುಜರಿಗೆ ಹಾಕುವ ಮೊದಲು ಕಾರ್ಬುರೇಟರ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಬರೆದಿದ್ದರು: ಮನೆ ಮುಂದೆ, ಮರದ ಬುಡದಲ್ಲಿ, ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿರುವ ಹಳೆಯ ಕಾರುಗಳು ಇನ್ನು ಓಡುವಂಥವಲ್ಲ, ಎಲ್ಲವನ್ನೂ ಗುಜರಿಗೆ ಹಾಕಿಸಬೇಕು ಎಂದು. ರಸ್ತೆಗೆ ಅಡ್ಡವಾಗಿ ನಿಂತದ್ದನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಓಡುವಂಥವಲ್ಲ’ ಎಂಬ ಮಾತು ಸರಿಯಲ್ಲ. ನಾನು ಸಾಗರದಲ್ಲಿ 1984ರಿಂದ 2021ರವರೆಗೆ ಗ್ಯಾರೇಜ್ ನಡೆಸಿದವನು. ಅಂಬಾಸಿಡರ್, ಪದ್ಮಿನಿ, ಮಾರುತಿ 800, ಓಮ್ನಿ, ಪೆಟ್ರೋಲ್ ಜೀಪು, ಇವುಗಳ ಬಾನೆಟ್ಟಿನ ಕೆಳಗೇ ನನ್ನ ತಲೆ ಹಣ್ಣಾಯಿತು. ನಿಂತು ಕೆಟ್ಟ ಕಾರುಗಳಲ್ಲಿ ನಿಜವಾಗಿ ಎಂಜಿನ್ ಹೋದದ್ದನ್ನು ನಾನು ಕಂಡದ್ದು ಕಡಿಮೆ. ಬಹಳಷ್ಟು ಕಾರುಗಳು ಸ್ಟಾರ್ಟ್ ಆಗದಿರುವುದು ಕಾರ್ಬುರೇಟರಿನೊಳಗೆ, ಅಂದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದೊಳಗೆ, ಒಣಗಿ ಅಂಟಿಕೊಂಡ ಪೆಟ್ರೋಲಿನಿಂದ. ಅದನ್ನು ತೊಳೆಯಲು ಬೇಕಾದದ್ದು ಎರಡು ಮೂರು ದಿನದ ತಾಳ್ಮೆ. ಆ ತಾಳ್ಮೆ ಇಲ್ಲದೆ ಒಳ್ಳೊಳ್ಳೆಯ ಗಾಡಿಗಳು ತೂಕಕ್ಕೆ ಹೋಗುತ್ತಿವೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಒಂದು ಕಾರಿನ ವಿಷಯವನ್ನೇ ಹೇಳುತ್ತೇನೆ. ಹೊಸನಗರ ರಸ್ತೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರೊಬ್ಬರ 1989ರ ಪ್ರೀಮಿಯರ್ ಪದ್ಮಿನಿ. ಮೇಷ್ಟ್ರಿಗೆ 2017ರ ಮಳೆಗಾಲದಲ್ಲಿ ಪಾರ್ಶ್ವವಾಯು ಹೊಡೆಯಿತು. ಅಂದು ಕೊಟ್ಟಿಗೆ ಪಕ್ಕದ ಸೋಗೆ ಮಾಡಿನಡಿ ನಿಲ್ಲಿಸಿದ ಕಾರು ಮತ್ತೆ ಅಲ್ಲಾಡಲಿಲ್ಲ. ಮೂರು ವರ್ಷದ ನಂತರ ಮೇಷ್ಟ್ರೂ ಹೋದರು. 2024ರ ನವೆಂಬರಿನಲ್ಲಿ ಅವರ ಹೆಂಡತಿ ನನಗೆ ಫೋನ್ ಮಾಡಿದರು. “ಮೇಸ್ತ್ರಿ, ಕಾರು ನೋಡೋಕೆ ಬಂದಿದ್ರು. ಎಂಜಿನ್ ಜಾಮ್ ಆಗಿದೆ, ತೂಕಕ್ಕೆ ಹಾಕಿದ್ರೆ ಹದಿನೆಂಟು ಸಾವಿರ ಅಂತಾರೆ. ನೀವೊಂದ್ಸಲ ನೋಡಿ ಹೇಳಿಬಿಡಿ, ಕೊಟ್ಟುಬಿಡ್ತೀನಿ” ಎಂದರು. “ಜಾಮ್ ಅಂತ ಹೇಗೆ ಹೇಳಿದ್ರಮ್ಮ?” ಎಂದು ಕೇಳಿದೆ. ಪೇಟೆಯಿಂದ ಇಬ್ಬರು ಹುಡುಗರು ಬಂದು, ಟ್ಯಾಂಕಿಗೆ ಐದು ಲೀಟರ್ ಹೊಸ ಪೆಟ್ರೋಲ್ ಸುರಿದು, ಬೇರೆ ಗಾಡಿಯ ಬ್ಯಾಟರಿಗೆ ವೈರ್ ಕೊಟ್ಟು ಅರ್ಧ ಗಂಟೆ ಸೆಲ್ಫ್ ಹೊಡೆದರಂತೆ. ಕಾರ್ಬುರೇಟರಿನ ಬಾಯಿಗೆ ಪೆಟ್ರೋಲ್ ಹನಿಸಿದಾಗ ‘ಭರ್’ ಎಂದು ಎರಡು ಸೆಕೆಂಡ್ ಹೊತ್ತಿಕೊಂಡು ಆರಿತಂತೆ.

ನನಗೆ ಅಷ್ಟು ಸಾಕಾಯಿತು. ಎರಡು ಸೆಕೆಂಡ್ ಹೊತ್ತಿತು ಎಂದರೆ ಎಂಜಿನ್ ತಿರುಗುತ್ತಿದೆ, ಪ್ಲಗ್ಗಿಗೆ ಕರೆಂಟ್ ಬರುತ್ತಿದೆ, ಸಿಲಿಂಡರಿನೊಳಗೆ ಗಾಳಿ ಒತ್ತುವ ಶಕ್ತಿ, ಅಂದರೆ ಕಂಪ್ರೆಷನ್ನೂ ಇದೆ. ಬಾಯಿಗೆ ಹಾಕಿದ ಪೆಟ್ರೋಲ್ ಮುಗಿದದ್ದೇ ಆರಿತು ಎಂದರೆ ಪೆಟ್ರೋಲ್ ತಾನಾಗಿ ಒಳಗೆ ಹೋಗುತ್ತಿಲ್ಲ. ಅದಕ್ಕೆ ಎಂಜಿನ್ ಜಾಮ್ ಎಂದು ಹೆಸರಿಡುವುದು ಎಲ್ಲಿಯ ನ್ಯಾಯ? “ಕೊಡಬೇಡಿ ಅಮ್ಮಾ, ನಾಳೆ ಬರ್ತೀನಿ” ಎಂದೆ.

ಇಲ್ಲಿ ಒಂದು ವಿಷಯ ನಿಲ್ಲಿಸಿ ಹೇಳಬೇಕು. ಕಾರ್ಬುರೇಟರಿನ ಬಾಯಿಗೆ ಪೆಟ್ರೋಲ್ ಹನಿಸಿ ಸೆಲ್ಫ್ ಹೊಡೆಯುವುದನ್ನು ಯಾರೂ ಮಾಡಬೇಡಿ. ನಿಂತ ಗಾಡಿಯಲ್ಲಿ ವಾಲ್ವ್ ಒಂದು ಸರಿಯಾಗಿ ಕೂರದಿದ್ದರೆ ಬೆಂಕಿ ಹಿಂದಕ್ಕೆ, ಕಾರ್ಬುರೇಟರಿನ ಬಾಯಿಯಿಂದಲೇ ಹೊರಗೆ ಬರುತ್ತದೆ. 1994ರಲ್ಲಿ ನನ್ನ ಗ್ಯಾರೇಜಿನಲ್ಲೇ, ಒಂದು ಅಂಬಾಸಿಡರಿನ ಮೇಲೆ ಬಗ್ಗಿದ್ದ ಹದಿನೇಳು ವರ್ಷದ ಹುಡುಗನ ಕೈಯಲ್ಲಿದ್ದ ಪೆಟ್ರೋಲ್ ಬಾಟ್ಲಿಗೆ ಹಾಗೆ ಬೆಂಕಿ ಹತ್ತಿತು. ಬಲಗೈ ಮೊಣಕೈವರೆಗೆ ಸುಟ್ಟಿತು. ಬಾಟ್ಲಿ ಹಿಡಿದು ಹನಿಸು ಎಂದು ಹೇಳಿದವನು ನಾನೇ. ಅವತ್ತಿನಿಂದ ನನ್ನ ಗ್ಯಾರೇಜಿನಲ್ಲಿ ಅದು ನಿಂತಿತು, ಬೇರೆಯವರು ಮಾಡುವುದನ್ನು ಕಂಡರೂ ಈಗಲೂ ಎದೆ ಹಾರುತ್ತದೆ.

ಮಾರನೆಯ ದಿನ ಹೋದವನು ಮೊದಲು ಎಳೆದು ನೋಡಿದ್ದು ಎಂಜಿನ್ ಆಯಿಲ್ ಅಳೆಯುವ ಕಡ್ಡಿ. ಆಯಿಲ್ ಮೇಲಿನ ಗೀಟನ್ನೂ ದಾಟಿ ನಿಂತಿತ್ತು, ಮೂಸಿದರೆ ಪೆಟ್ರೋಲ್ ವಾಸನೆ. ಪದ್ಮಿನಿಯಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕದಲ್ಲಿರುತ್ತದೆ, ಒಳಗಿನ ಕ್ಯಾಮ್ ಅದರ ಕೈಯನ್ನು ತಳ್ಳಿ ಆಡಿಸುತ್ತದೆ. ಅದರೊಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಏಳು ವರ್ಷ ಒಣಗಿ ಸೀಳಿತ್ತು. ಹುಡುಗರು ಸೆಲ್ಫ್ ಹೊಡೆದಷ್ಟೂ ಪೆಟ್ರೋಲ್ ಕಾರ್ಬುರೇಟರಿಗೆ ಹೋಗುವ ಬದಲು ಸೀಳಿನಿಂದ ಕೆಳಗಿಳಿದು ಆಯಿಲಿಗೆ ಸೇರಿತ್ತು. ಆಯಿಲ್ ತೆಳುವಾದರೆ ಬೇರಿಂಗ್ ಉಳಿಯುವುದಿಲ್ಲ. ಅವತ್ತು ಅಕಸ್ಮಾತ್ ಗಾಡಿ ಸ್ಟಾರ್ಟ್ ಆಗಿ, ಖುಷಿಯಲ್ಲಿ ಸಾಗರದವರೆಗೆ ಓಡಿಸಿದ್ದರೆ ಎಂಜಿನ್ ನಿಜವಾಗಿಯೂ ಹೋಗುತ್ತಿತ್ತು. ನಿಂತ ಕಾರಿಗೆ ಕೈ ಹಾಕುವ ಯಾರೇ ಆಗಲಿ, ಕೀ ತಿರುಗಿಸುವ ಮೊದಲು ಆಯಿಲ್ ಕಡ್ಡಿ ಮೂಸಿ. ಐದು ಪೈಸೆ ಖರ್ಚಿಲ್ಲದ ಕೆಲಸ.

ಇನ್ನು ಟ್ಯಾಂಕು. ಮುಚ್ಚಳ ತೆಗೆದಾಗ ಪೆಟ್ರೋಲ್ ವಾಸನೆ ಬರಲಿಲ್ಲ, ಹಳೆಯ ಮೇಜಿಗೆ ಹಚ್ಚುವ ಪಾಲಿಶ್ಶಿನಂಥ ಘಾಟು ಬಂತು. ಪೆಟ್ರೋಲ್ ಒಂದೇ ಪದಾರ್ಥವಲ್ಲ. ಬೇಗ ಆವಿಯಾಗುವ ಹಗುರ ಭಾಗಗಳೂ ನಿಧಾನವಾಗಿ ಆವಿಯಾಗುವ ಭಾರದ ಭಾಗಗಳೂ ಸೇರಿದ ಮಿಶ್ರಣ ಅದು. ತಣ್ಣನೆಯ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಆ ಹಗುರ ಭಾಗ, ಗಾಡಿ ನಿಂತಾಗ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುತ್ತದೆ. ಟ್ಯಾಂಕನ್ನು ಇಳಿಸಿ ಬಗ್ಗಿಸಿದಾಗ ಹುಡುಗರು ಸುರಿದ ಹೊಸ ಪೆಟ್ರೋಲೂ ಸೇರಿ ಎಂಟು ಲೀಟರಿನಷ್ಟು ಬಂತು, ಚಹಾ ಕಷಾಯದ ಬಣ್ಣ. ತಳದಲ್ಲಿ ತುಕ್ಕಿನ ಕೆಸರು. ಹಳೆಯದರ ಮೇಲೆ ಹೊಸದನ್ನು ಸುರಿಯುವುದು ಎಲ್ಲರೂ ಮಾಡುವ ತಪ್ಪು. ಹೊಸ ಪೆಟ್ರೋಲ್ ಆ ಅಂಟನ್ನು ಅರ್ಧಂಬರ್ಧ ಕರಗಿಸಿ, ಗೋಡೆಯ ತುಕ್ಕನ್ನೂ ಎಬ್ಬಿಸಿ, ಎಲ್ಲವನ್ನೂ ಪಂಪಿನ ಜಾಲರಿಗೂ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೂ ಒಯ್ದು ತುಂಬುತ್ತದೆ. ಟ್ಯಾಂಕಿಗೆ ಎರಡು ಹಿಡಿ ಸಣ್ಣ ಜಲ್ಲಿಕಲ್ಲು, ಒಂದು ಲೀಟರ್ ಸೀಮೆಎಣ್ಣೆ ಹಾಕಿ ನಾನೂ ಮನೆಯ ಆಳೂ ಮಗು ತೂಗಿದ ಹಾಗೆ ತೂಗಿದೆವು. ನಾಲ್ಕು ಸಲ ಬದಲಿಸಿದ ಮೇಲೆ ಎಣ್ಣೆ ತಿಳಿಯಾಗಿ ಬಂತು. ಕಲ್ಲುಗಳನ್ನು ಹಾಕುವಾಗಲೂ ತೆಗೆಯುವಾಗಲೂ ಎಣಿಸಬೇಕು, ಒಂದು ಒಳಗುಳಿದರೂ ತೊಂದರೆ.

ಆಮೇಲೆ ಕಾರ್ಬುರೇಟರ್, ಸೊಲೆಕ್ಸ್ ಎಂಬ ಮಾದರಿಯದು. ಮೇಲೆ ಕೂತಿದ್ದ ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಗೂಡು ಮಾಡಿತ್ತು, ಭತ್ತದ ಸಿಪ್ಪೆ, ಹರಿದ ಬಟ್ಟೆ. ಕಾರ್ಬುರೇಟರಿಗೆ ಗಾಳಿ ಬರುವ ಒಂದು ಸಣ್ಣ ತೂತಿಗೆ ಕಣಜದ ಹುಳ ಮಣ್ಣು ಮೆತ್ತಿತ್ತು. ಮಲೆನಾಡಿನಲ್ಲಿ ಇದು ಹೊಸದಲ್ಲ, ತೂತು ಕಂಡಲ್ಲಿ ಅದು ಮನೆ ಮಾಡುತ್ತದೆ. ಮುಚ್ಚಳ ಬಿಚ್ಚಿದೆ. ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ತಳದಲ್ಲಿ ಜೋನಿಬೆಲ್ಲದ ಕೊಡದ ತಳ ಒಣಗಿದಂತೆ ಕಂದು ಪದರ ಹಿಡಿದಿತ್ತು. ಅದಕ್ಕೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಮುಚ್ಚಿದ ಸ್ಥಿತಿಯಲ್ಲೇ ಅಂಟಿಹೋಗಿತ್ತು. ಫ್ಲೋಟ್ ಕೆಳಗಿದ್ದರೂ ಅದು ಬಾಯಿ ಬಿಡುತ್ತಿರಲಿಲ್ಲ. ಪಂಪು ಚೆನ್ನಾಗಿದ್ದಿದ್ದರೂ ಒಂದು ಹನಿ ಒಳಗೆ ಬರುತ್ತಿರಲಿಲ್ಲ.

ಹೊಸಬರಿಗೆ ತಿಳಿಯಲಿ ಎಂದು ಎರಡು ಮಾತು. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನೀರನ್ನು ನಿಲ್ಲಿಸುತ್ತದಲ್ಲ, ಫ್ಲೋಟ್ ಮತ್ತು ನೀಡಲ್ ಮಾಡುವುದು ಅದೇ ಕೆಲಸ. ಅಲ್ಲಿ ನಿಂತ ಪೆಟ್ರೋಲನ್ನು, ಎಂಜಿನ್ ಎಳೆಯುವ ಗಾಳಿ ಜೆಟ್ಟುಗಳ ಮೂಲಕ ಹೀರಿಕೊಂಡು ಹೋಗುತ್ತದೆ. ಗಾಡಿ ನಿಂತಲ್ಲೇ ಐಡ್ಲಿಂಗ್‌ನಲ್ಲಿರುವಾಗ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್, ಓಡುವಾಗ ಕೊಡುವುದು ಮೇನ್ ಜೆಟ್. ಸೊಲೆಕ್ಸಿನಲ್ಲಿ ಜೆಟ್ಟಿನ ಮೇಲೆ ಕೊರೆದ ಅಂಕಿ ತೂತಿನ ಅಳತೆ. 50 ಎಂದಿದ್ದರೆ ತೂತು 0.50 ಮಿಲಿಮೀಟರ್, ಹೊಲಿಗೆ ಸೂಜಿಗಿಂತ ಸಣ್ಣದು. ಆದ್ದರಿಂದ ಮೊದಲು ಕಟ್ಟುವುದು ಪೈಲಟ್ ಜೆಟ್ಟೇ.

ಇಲ್ಲಿಯೇ ನಮ್ಮ ಕೆಲಸದವರು ಮಾಡುವ ದೊಡ್ಡ ಅನ್ಯಾಯ ನಡೆಯುವುದು. ಕಟ್ಟಿದ ಜೆಟ್ಟಿಗೆ ಕ್ಲಚ್ ವೈರಿನ ಎಳೆ, ಗುಂಡುಸೂಜಿ ತೂರಿಸಿ ಆಡಿಸುತ್ತಾರೆ. ಜೆಟ್ ಹಿತ್ತಾಳೆಯದು, ಉಕ್ಕಿನ ಎಳೆಗೆ ಅದು ಸವೆಯುತ್ತದೆ. 0.50 ಇದ್ದದ್ದು 0.55 ಆದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ತೂತಿನ ಬಾಯಿ ನೂರಕ್ಕೆ ಇಪ್ಪತ್ತೊಂದು ಪಾಲು ದೊಡ್ಡದಾಗಿರುತ್ತದೆ. ಅಲ್ಲಿಂದ ಮುಂದೆ ಎಷ್ಟು ಟ್ಯೂನಿಂಗ್ ಮಾಡಿದರೂ ಕಪ್ಪು ಹೊಗೆ, ಕಡಿಮೆ ಮೈಲೇಜ್. ಮಾಲೀಕರಿಗೆ ಕಾರಣ ತಿಳಿಯುವುದೇ ಇಲ್ಲ, ‘ಹಳೆ ಗಾಡಿ ಪೆಟ್ರೋಲ್ ಕುಡಿಯುತ್ತೆ’ ಎಂದು ಮಾರಿಬಿಡುತ್ತಾರೆ. ನಾನು ಜೆಟ್ಟುಗಳನ್ನು ಕಾರ್ಬುರೇಟರ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತೇನೆ. ಬೆಳಿಗ್ಗೆ ಗಾಳಿ ಹೊಡೆಯುತ್ತೇನೆ. ಹೋಗದಿದ್ದರೆ ಮತ್ತೊಂದು ರಾತ್ರಿ. ಬಿಡಿಸಲೇಬೇಕಾದರೆ ಹಲ್ಲುಜ್ಜುವ ಬ್ರಷ್ಷಿನ ಒಂದು ನೈಲಾನ್ ಎಳೆ ಸಾಕು. ಆಮೇಲೆ ಬೆಳಕಿಗೆ ಹಿಡಿದರೆ ತೂತು ಗುಂಡಗೆ ನಕ್ಷತ್ರದ ಹಾಗೆ ಕಾಣಬೇಕು.

ಮೇಷ್ಟ್ರ ಕಾರಿನಲ್ಲಿ ನಾನೂ ಒಂದು ತಪ್ಪು ಮಾಡಿದೆ. ಜೆಟ್ಟುಗಳನ್ನೆಲ್ಲ ತೊಳೆದೆ, ಪೈಲಟ್ ಜೆಟ್ಟಿನ ಹಿಂದಿನ ದಾರಿಯನ್ನು ತೊಳೆಯಲಿಲ್ಲ. ಆ ಸಣ್ಣ ಕಾಲುವೆ ಆಕ್ಸಲರೇಟರ್ ತುಳಿದಾಗ ತೆರೆಯುವ ಥ್ರಾಟಲ್ ತಟ್ಟೆಯ ಹತ್ತಿರ, ಐಡ್ಲಿಂಗ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವಿನವರೆಗೆ ಹೋಗುತ್ತದೆ. ಪರಿಣಾಮವಾಗಿ ಮುಂದೆ ಸ್ಟಾರ್ಟ್ ಮಾಡಿದಾಗ, ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದರೆ ಗಾಡಿ ಓಡಿತು, ಚೋಕ್ ಒಳಗೆ ತಳ್ಳಿದ ಕೂಡಲೇ ಆರಿತು. ಇದು ಐಡ್ಲಿಂಗ್ ದಾರಿ ಕಟ್ಟಿದ್ದರ ಗುರುತು. ಮತ್ತೆ ಕಾರ್ಬುರೇಟರ್ ಇಳಿಸಿ, ಸ್ಕ್ರೂ ಪೂರ್ತಿ ತೆಗೆದು, ಎರಡೂ ಕಡೆಯಿಂದ ಕ್ಲೀನರ್ ಸಿಡಿಸಿದಾಗ ಸಾಸಿವೆ ಕಾಳಿನಷ್ಟು ಕಂದು ಹರಳು ಹೊರಗೆ ಬಂತು. ಆ ಸ್ಕ್ರೂವನ್ನು ಮತ್ತೆ ಹಾಕುವಾಗ ಕೈಬೆರಳಿನಲ್ಲೇ ಹಗುರವಾಗಿ ಕೂರಿಸಿ ಅಲ್ಲಿಂದ ಒಂದೂವರೆ ಸುತ್ತು ಹಿಂದಕ್ಕೆ ಬಿಡಿ, ಅದು ಶುರುವಿನ ಅಳತೆ. ಉಳಿದದ್ದು ಎಂಜಿನ್ ಬಿಸಿಯಾದ ಮೇಲೆ ಕಿವಿಯಲ್ಲಿ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ ಎಂದು. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲಿ ತೂತು. ಒಳಗಿನ ಪೆಟ್ರೋಲ್ ಒಂದು ಹನಿಯೂ ಉಳಿಯದಂತೆ ತೆಗೆಯದೆ ಬೆಸುಗೆ ಕಾವಿಗೆ ಹಿಡಿಯಬಾರದು. ಪುಣ್ಯಕ್ಕೆ ಈ ಕಾರಿನ ಫ್ಲೋಟ್ ಚೆನ್ನಾಗಿತ್ತು. ಆಕ್ಸಲರೇಟರ್ ತುಳಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಆಕ್ಸಲರೇಟರ್ ಪಂಪಿನ ಡಯಾಫ್ರಾಮ್ ಹಪ್ಪಳವಾಗಿತ್ತು, ಪ್ಯಾಕಿಂಗ್ ಎಲ್ಲ ಪುಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪರಿಚಯದವರೊಬ್ಬರು ಎರಡು ಅಂಗಡಿ ಹುಡುಕಿ ಕಾರ್ಬುರೇಟರ್ ಕಿಟ್ಟನ್ನೂ ಪಂಪಿನ ಕಿಟ್ಟನ್ನೂ ಬಸ್ಸಿನಲ್ಲಿ ಕಳಿಸಿದರು.

ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಹಸಿರು ಹಿಡಿದಿತ್ತು, ಉಜ್ಜಿ ಗ್ಯಾಪ್ ಇಟ್ಟೆ. ಇದನ್ನು ಕಾರ್ಬುರೇಟರ್ ಮುಟ್ಟುವ ಮೊದಲೇ ನೋಡಬೇಕು. ನನ್ನ ಗುರುಗಳು ಹೇಳುತ್ತಿದ್ದರು, ಕಾರ್ಬುರೇಟರ್ ಕೆಟ್ಟಿದೆ ಎಂದು ಬಂದ ಗಾಡಿಗಳಲ್ಲಿ ಅರ್ಧ ಪಾಯಿಂಟ್ ಕೆಟ್ಟವು ಎಂದು. ಪ್ಲಗ್ಗುಗಳನ್ನು ತೆಗೆದು ಒಂದೊಂದು ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಟ್ಟು, ನಾಲ್ಕನೇ ಗೇರಿಗೆ ಹಾಕಿ ಮೂವರು ಕಾರನ್ನು ಅಂಗಳದಲ್ಲಿ ಮೆಲ್ಲಗೆ ತಳ್ಳಿದೆವು. ಎಂಜಿನ್ ಬೆಣ್ಣೆಯ ಹಾಗೆ ತಿರುಗಿತು. ಜಾಮ್ ಆಗಿದೆ ಎಂದು ಹದಿನೆಂಟು ಸಾವಿರ ಕಟ್ಟಿದ್ದ ಎಂಜಿನ್ ಅದು.

ಹೊಸ ಆಯಿಲ್, ಹೊಸ ಪೆಟ್ರೋಲ್ ಹಾಕಿ, ಪಂಪಿನ ಸಣ್ಣ ಲಿವರನ್ನು ಕೈಯಲ್ಲಿ ಒತ್ತಿ ಚೇಂಬರ್ ತುಂಬಿಸಿ, ಚೋಕ್ ಎಳೆದು ಸೆಲ್ಫ್ ಕೊಟ್ಟೆ. ಮೂರನೇ ಸಲಕ್ಕೆ ಹಿಡಿಯಿತು. ಐದು ನಿಮಿಷ ಬಿಳಿ ಹೊಗೆ, ಆಮೇಲೆ ತಿಳಿಯಾಯಿತು. ಅಮ್ಮ ಜಗಲಿಯ ಮೇಲೆ ನಿಂತಿದ್ದರು. “ಆರಿಸಿ ಮತ್ತೆ ಸ್ಟಾರ್ಟ್ ಮಾಡಿ ಮೇಸ್ತ್ರಿ” ಎಂದರು. ಮಾಡಿದೆ. “ಇನ್ನೊಂದ್ಸಲ” ಎಂದರು. ಮೂರು ಸಲ ಮಾಡಿಸಿದರು. ನಾನು ಏನೂ ಕೇಳಲಿಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಮಾರನೆಯ ದಿನ ಅವರ ಅಳಿಯ ಓಡಿಸಿಕೊಂಡು ಸಾಗರಕ್ಕೆ ಹೊರಟರೆ ನಾಲ್ಕು ಕಿಲೋಮೀಟರಿಗೆ ಕಾರು ಜಗ್ಗಿ ಜಗ್ಗಿ ನಿಂತಿತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಹೊರಟಿತು, ಮತ್ತೆ ನಾಲ್ಕು ಕಿಲೋಮೀಟರಿಗೆ ನಿಂತಿತು. ದಾರಿಯಲ್ಲಿ ಸಿಕ್ಕ ಇಬ್ಬರು ‘ಕಾರ್ಬುರೇಟರ್ ಬದಲಿಸಿ’ ಎಂದರಂತೆ. ಅವರು ಫೋನಿನಲ್ಲಿ ಹೇಳಿದ ಕೂಡಲೇ ನಾನೆಂದೆ, “ನಿಂತ ತಕ್ಷಣ ಪೆಟ್ರೋಲ್ ಮುಚ್ಚಳ ತೆಗೀರಿ, ಏನು ಸದ್ದು ಬರುತ್ತೆ ಕೇಳಿ”. ‘ಉಸ್’ ಎಂದು ಗಾಳಿ ಒಳಗೆ ಎಳೆದುಕೊಂಡಿತಂತೆ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತೊಂದು ಇರುತ್ತದೆ, ತುಕ್ಕಿನಿಂದ ಅದು ಮುಚ್ಚಿತ್ತು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರದಿದ್ದರೆ ಪಂಪು ಎಳೆಯಲಾರದೆ ಸೋಲುತ್ತದೆ. ಅಳಿಯಂದಿರು ಅಲ್ಲೇ ಮುಚ್ಚಳಕ್ಕೆ ಸೂಜಿಯಲ್ಲಿ ಚುಚ್ಚಿ ಹೊರಟರು, ಇಲ್ಲಿ ಸೂಜಿ ತೂರಿಸಿದರೆ ತೊಂದರೆಯಿಲ್ಲ. ಕಾರ್ಬುರೇಟರಿನ ಮೇಲೆ ಬರುವ ದೂರುಗಳಲ್ಲಿ ಇಂಥವೂ ಇರುತ್ತವೆ ಎಂದು ಹೇಳಲು ಇದನ್ನು ಬರೆದೆ.

ಬೇರೆ ಲಕ್ಷಣಗಳನ್ನೂ ಬೇಗ ಹೇಳಿಬಿಡುತ್ತೇನೆ. ಐಡ್ಲಿಂಗ್ ಸರಿಯಿದ್ದು, ಆಕ್ಸಲರೇಟರ್ ತುಳಿದ ಕೂಡಲೇ ಗಾಡಿ ಬಿಕ್ಕಳಿಸಿದರೆ ಆಕ್ಸಲರೇಟರ್ ಪಂಪು ಕೆಲಸ ಮಾಡುತ್ತಿಲ್ಲ. ಎಂಜಿನ್ ಆಫ್ ಇದ್ದಾಗ ಏರ್ ಫಿಲ್ಟರ್ ತೆಗೆದು ಲಿಂಕೇಜನ್ನು ಕೈಯಲ್ಲಿ ಎಳೆದರೆ ಒಳಗೆ ಪಿಚಕಾರಿಯ ಹಾಗೆ ಒಂದು ಎಳೆ ಪೆಟ್ರೋಲ್ ಚಿಮ್ಮಬೇಕು. ಕಾರ್ಬುರೇಟರಿನ ಹೊರಗೆ ಪೆಟ್ರೋಲ್ ಸುರಿಯುತ್ತಿದ್ದರೆ ನೀಡಲಿನ ಕೆಳಗೆ ಕಸ ಕೂತಿದೆ, ತಕ್ಷಣ ಆಫ್ ಮಾಡಿ, ಕೆಳಗೆ ಎಕ್ಸಾಸ್ಟ್ ಕಾದಿರುತ್ತದೆ. ಐಡ್ಲಿಂಗ್ ಏರುತ್ತಾ ಇಳಿಯುತ್ತಾ ಇದ್ದರೆ ಕಾರ್ಬುರೇಟರ್ ಕೂರುವ ಜಾಗದ ಪ್ಯಾಕಿಂಗಿನಲ್ಲಿ ಗಾಳಿ ಸೋರುತ್ತಿದೆಯೋ ನೋಡಿ. ಆ ಕೂಡಿಕೆಗೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟಾಗ ಸದ್ದು ಬದಲಾದರೆ ಅಲ್ಲೇ ಸೋರಿಕೆ.

ಇನ್ನು ಸರ್ಕಾರದವರೂ ಎಣ್ಣೆ ಕಂಪನಿಗಳವರೂ ಓದಬೇಕಾದ ಭಾಗ. 2025ರ ಮಳೆಗಾಲದಲ್ಲಿ ಆ ಕಾರು ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ನಿಂತಿತ್ತು. ಬರೀ ಎರಡೂವರೆ ತಿಂಗಳು. ಹಿಂದೆಲ್ಲ ಇಷ್ಟು ದಿನ ನಿಂತ ಗಾಡಿ ಎರಡು ಸೆಲ್ಫಿಗೆ ಏಳುತ್ತಿತ್ತು. ಸೆಪ್ಟೆಂಬರಿನಲ್ಲಿ ಮತ್ತೆ ಕರೆ ಬಂತು. ಚೇಂಬರ್ ಬಿಚ್ಚಿದರೆ ತಳದಲ್ಲಿ ಒಂದು ಚಮಚ ನೀರು, ಲೋಹಕ್ಕೆ ಸುಣ್ಣದಂಥ ಬಿಳಿ ಪುಡಿ. ಒಂಬತ್ತು ತಿಂಗಳ ಹಿಂದೆ ಹಾಕಿದ ರಬ್ಬರ್ ಪೈಪು ಮೆತ್ತಗಾಗಿ ಪಂಪಿನ ಹತ್ತಿರ ಒಸರುತ್ತಿತ್ತು. ಪಂಪಿನ ಹೊಸ ಡಯಾಫ್ರಾಮ್ ಉಬ್ಬಿ ಆಕಾರ ಕೆಟ್ಟಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಯವರು ಕಬ್ಬು ಮುಂತಾದವುಗಳಿಂದ ತೆಗೆಯುವ ಮದ್ಯಸಾರ ಎಥೆನಾಲನ್ನು ನೂರಕ್ಕೆ ಇಪ್ಪತ್ತು ಪಾಲು ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಶುರುವಿನಲ್ಲಿ 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಇದ್ದದ್ದು ಈಗ ಊರೂರಿಗೆ ಬಂದಿದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಟ್ಟುಕೊಂಡಿರುತ್ತದೆ, ಮಿತಿ ದಾಟಿದರೆ ನೀರೂ ಎಥೆನಾಲೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಮೊದಲು ಎಳೆಯುವುದು ತಳದ್ದನ್ನೇ. ಬಟ್ಟೆ ಒಣಗದ ಮಲೆನಾಡಿನ ಆಷಾಢದಲ್ಲಿ, ಗಾಳಿಯಾಡುವ ಮುಚ್ಚಳದ ಟ್ಯಾಂಕಿನಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಮೇಲಾಗಿ, ಈಗಿನ ಕಾರುಗಳಲ್ಲಿ ಸೈಲೆನ್ಸರ್ ದಾರಿಯ ಸೆನ್ಸರ್ ಹೊಗೆ ನೋಡಿ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ, ಜೆಟ್ಟಿನ ತೂತು ಎಷ್ಟೋ ಅಷ್ಟೇ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪಿಕಪ್ಪಿನಲ್ಲಿ ಮುಗ್ಗರಿಸುತ್ತದೆ.

ನಾನು ಎಥೆನಾಲ್ ಬೇಡ ಎನ್ನುವವನಲ್ಲ. ನನ್ನ ತಂಗಿಯ ಮನೆಯವರು ಮಂಡ್ಯದ ಕಡೆ ಕಬ್ಬು ಬೆಳೆಯುವವರು, ಕಬ್ಬಿನ ಹಣ ಬಾಕಿ ಉಳಿದ ವರ್ಷಗಳನ್ನು ನಾನೂ ಕಂಡಿದ್ದೇನೆ. ಕಬ್ಬಿಗೆ ಇನ್ನೊಂದು ದಾರಿ ಆದರೆ ಸಂತೋಷವೇ. ಆದರೆ ನೀತಿ ಆಯೋಗದ ತಜ್ಞರ ಸಮಿತಿ 2021ರ ವರದಿಯಲ್ಲಿ, ಹಳೆಯ ವಾಹನಗಳಿಗಾಗಿ ನೂರಕ್ಕೆ ಹತ್ತು ಪಾಲು ಎಥೆನಾಲಿನ ಪೆಟ್ರೋಲನ್ನೂ ಸಿಗುವಂತೆ ಇಡಬೇಕು ಎಂದೇ ಹೇಳಿತ್ತು. ಈಗ ನಮ್ಮೂರಿನ ಬಂಕಿನಲ್ಲಿ ಕೇಳಿದರೆ ಒಂದೇ ಥರದ್ದು ಸಿಗುವುದು. ಆಯ್ಕೆ ಬೇಕೆಂದು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ತೀರ್ಪನ್ನು ಪ್ರಶ್ನಿಸುವಷ್ಟು ದೊಡ್ಡವನು ನಾನಲ್ಲ. ನಾನು ಕೇಳುವುದು ಅದಕ್ಕಿಂತ ಸಣ್ಣದು. ಬಂಕಿನ ಪ್ರತಿ ಪಂಪಿನ ಮೇಲೂ, ದರ ತೋರಿಸುವ ಅಂಕಿಯಷ್ಟೇ ದೊಡ್ಡದಾಗಿ, ಕನ್ನಡದಲ್ಲಿ, ಇದರಲ್ಲಿ ಎಥೆನಾಲ್ ಶೇಕಡಾ ಇಷ್ಟು ಎಂದು ಬರೆಯಲಿ. ಹಳೆಯ ಗಾಡಿ ಇರುವವರು ಪೈಪು ಬದಲಿಸಿಕೊಳ್ಳುತ್ತಾರೆ, ಹೆಚ್ಚು ದಿನ ಟ್ಯಾಂಕಿನಲ್ಲಿ ಬಿಡದೆ ಖಾಲಿ ಮಾಡುತ್ತಾರೆ. ಗೊತ್ತಿಲ್ಲದೆ ಹಾಕಿಸಿಕೊಂಡವರು ಏನು ಮಾಡಬೇಕು? ಜಿಲ್ಲೆಗೊಂದಾದರೂ ಬಂಕಿನಲ್ಲಿ ಹತ್ತು ಪಾಲಿನದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಈ ಮಾಲೀಕರು ಪುಕ್ಕಟೆ ಕೇಳುತ್ತಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 2025ರ ಆಗಸ್ಟಿನ ಅಧಿಸೂಚನೆಯ ಪ್ರಕಾರ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000. ಪಿಂಚಣಿಯಲ್ಲಿ ಬದುಕುವ ಆ ಅಮ್ಮ ಆ ಹಣ ಕಟ್ಟಲು ಸಿದ್ಧವಿದ್ದಾರೆ. ಅಷ್ಟು ಪಡೆದ ಮೇಲೆ ಗಾಡಿಗೆ ಏನು ಕುಡಿಸುತ್ತಿದ್ದೇವೆ ಎಂದು ಹೇಳುವ ಒಂದು ಬೋರ್ಡು ಹೆಚ್ಚಾಯಿತೇ?

ಅಲ್ಲಿಯವರೆಗೆ ಓದುಗರು ತಾವೇ ಪರೀಕ್ಷೆ ಮಾಡಿಕೊಳ್ಳಬಹುದು. ಅಳತೆ ಗೀಟಿರುವ ಗಾಜಿನ ಜಾರಿಗೆ 100 ಮಿಲಿಲೀಟರ್ ಪೆಟ್ರೋಲ್, 20 ಮಿಲಿಲೀಟರ್ ನೀರು ಹಾಕಿ, ಮುಚ್ಚಿ ಕುಲುಕಿ ಇಡಿ. ಒಲೆ, ದೀಪ, ಬೀಡಿ ಹತ್ತಿರ ಇರಬಾರದು. ಸ್ವಲ್ಪ ಹೊತ್ತಿಗೆ ಎರಡು ಪದರ ನಿಲ್ಲುತ್ತವೆ. ಕೆಳಗಿನ ಪದರ 20ಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಹೆಚ್ಚುಕಡಿಮೆ ಅಷ್ಟು ಎಥೆನಾಲ್ ಇತ್ತು ಎಂದು ಲೆಕ್ಕ. ಪೈಪು ಕೊಳ್ಳುವಾಗ ಅದರ ಮೇಲೆ ‘ಆರ್9’ (R9) ಎಂದು ಅಚ್ಚಾಗಿರುವುದನ್ನು ಕೇಳಿ ಪಡೆಯಿರಿ. ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಗಾಡಿಗಳಿಗೆ ಮಾಡಿದ ಈ ಪೈಪು ಎಥೆನಾಲನ್ನು ತಡೆಯುತ್ತದೆ. ಮೇಷ್ಟ್ರ ಕಾರಿಗೆ ಈಗ ಅದನ್ನೇ ಹಾಕಿದ್ದೇನೆ.

ಇನ್ನೊಂದು ಮಾತು, ಕಲಿಯುವ ಹುಡುಗರ ಬಗ್ಗೆ. ಪೇಟೆಯಿಂದ ಬಂದಿದ್ದ ಆ ಇಬ್ಬರನ್ನು ನಾನು ಬೈಯುವುದಿಲ್ಲ. 2000ದ ಆಸುಪಾಸಿನಲ್ಲಿ ಹೊಗೆ ನಿಯಮ ಬಿಗಿಯಾದ ಮೇಲೆ ಕಾರುಗಳು ಇಂಜೆಕ್ಷನ್ನಿಗೆ ತಿರುಗಿದವು, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಇನ್ನೂ ಬಿಗಿಯಾದ ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಿಂದಲೂ ಕಾರ್ಬುರೇಟರ್ ಹೋಯಿತು. ಅವರು ಕಲಿತದ್ದು ಸ್ಕ್ಯಾನರ್ ಚುಚ್ಚಿ ಕೋಡ್ ಓದುವುದು, ಆ ಕೆಲಸದಲ್ಲಿ ಅವರು ನನಗಿಂತ ಎಷ್ಟೋ ಮುಂದೆ. ಆದರೆ ಓಮ್ನಿಗಳು, ಹಳೆಯ ಬೈಕು ಸ್ಕೂಟರುಗಳು ಹಳ್ಳಿಗಳಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ. ತೋಟಕ್ಕೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪಿಗೂ, ಕಳೆ ಕತ್ತರಿಸುವ ಯಂತ್ರಕ್ಕೂ ಇರುವುದು ಕಾರ್ಬುರೇಟರೇ, ಅವೂ ಆರಾರು ತಿಂಗಳು ನಿಂತು ಇದೇ ರೀತಿ ಕೆಡುತ್ತವೆ. ಐಟಿಐಯ ಮೋಟಾರ್ ಮೆಕ್ಯಾನಿಕ್ ವಿಭಾಗದ ಮಕ್ಕಳನ್ನು ಯಾರಾದರೂ ಶಿಕ್ಷಕರು ಕರೆತಂದರೆ ನಾನು ಶನಿವಾರಗಳಲ್ಲಿ ಹಣ ತೆಗೆದುಕೊಳ್ಳದೆ ಕಲಿಸುತ್ತೇನೆ. ಸೊಲೆಕ್ಸ್ ಕಾರ್ಬುರೇಟರ್ ಎರಡು, ಮಾರುತಿಯ ಮಿಕುನಿ ಕಾರ್ಬುರೇಟರ್ ಮೂರು, ಬಿಚ್ಚಿ ಜೋಡಿಸಲು ನನ್ನ ಮನೆಯಲ್ಲಿವೆ. ವಿಳಾಸವನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕೊಟ್ಟಿದ್ದೇನೆ, ಕೇಳಿದ ಶಿಕ್ಷಕರಿಗೆ ತಿಳಿಸಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರು ಇಷ್ಟು ಮಾಡಿ. ಒಂದೆರಡು ತಿಂಗಳು ಮಾತ್ರ ಎಂದಾದರೆ ಟ್ಯಾಂಕನ್ನು ಪೂರ್ತಿ ತುಂಬಿಸಿ, ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ತೇವಕ್ಕೂ ಜಾಗ ಇರುವುದಿಲ್ಲ. ಅದಕ್ಕಿಂತ ಹೆಚ್ಚು ದಿನವಾದರೆ ಟ್ಯಾಂಕ್ ಖಾಲಿ ಮಾಡಿ. ಎರಡರಲ್ಲಿ ಯಾವುದಾದರೂ, ಕೊನೆಯಲ್ಲಿ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನು ಬಿಚ್ಚಿ ಬಾಯಿ ಕಟ್ಟಿ, ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಡಿ. ಚೇಂಬರಿನ ಪೆಟ್ರೋಲ್ ಮುಗಿದು ತಾನಾಗಿ ಆರುತ್ತದೆ. ಏರ್ ಫಿಲ್ಟರಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಬ್ಯಾಟರಿಯ ಒಂದು ವೈರ್ ತೆಗೆದಿಡಿ. ಸ್ಟೇರಿಂಗಿಗೆ ಒಂದು ಚೀಟಿ ಕಟ್ಟಿ: ‘ಪೈಪ್ ಬಿಚ್ಚಿದೆ, ಸೆಲ್ಫ್ ಹೊಡೆಯಬೇಡಿ’. ಮೇಷ್ಟ್ರ ಕಾರಿಗೆ ಈ ವರ್ಷ ಆ ಚೀಟಿಯನ್ನು ಅಮ್ಮನೇ ಬರೆದು ಕಟ್ಟುತ್ತೇನೆ ಎಂದಿದ್ದಾರೆ.

ಇಂತಿ,
ಒಬ್ಬ ನಿವೃತ್ತ ಗ್ಯಾರೇಜ್ ಮೆಕ್ಯಾನಿಕ್,
ಸಾಗರ, ಶಿವಮೊಗ್ಗ ಜಿಲ್ಲೆ